ಪೆಟ್ರೋಲ್ ಸೋರಿಕೆಗೆ ಸಾಬೂನು ಹಚ್ಚಿದರೆ ಸಾಕೇ? ಹಳೆಯ ಸ್ಪೋರ್ಟ್ಸ್ ಕಾರೊಂದರ ಟ್ಯಾಂಕ್ ಹೇಳುವ ನಿಜ

ಪೆಟ್ರೋಲ್ ಸೋರಿಕೆಯ ಬಗ್ಗೆ ವಾಟ್ಸಾಪ್‌ನಲ್ಲಿ ಮೂರು ಬಗೆಯ ಸಲಹೆಗಳು ಮತ್ತೆ ಮತ್ತೆ ಬರುತ್ತಿರುತ್ತವೆ. ಟ್ಯಾಂಕ್ ತೊಟ್ಟಿಕ್ಕುತ್ತಿದ್ದರೆ ಬಟ್ಟೆ ಸೋಪು ಉಜ್ಜಿ ಎನ್ನುವುದು ಒಂದು. ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಹಾಕಿಸಿದರೆ ಗಾಡಿ ಸ್ಫೋಟಿಸುತ್ತದೆ ಎನ್ನುವುದು ಇನ್ನೊಂದು. ಖಾಲಿ ಟ್ಯಾಂಕನ್ನು ನೀರಿನಲ್ಲಿ ತೊಳೆದುಬಿಟ್ಟರೆ ಧೈರ್ಯವಾಗಿ ವೆಲ್ಡಿಂಗ್ ಮಾಡಿಸಬಹುದು ಎನ್ನುವುದು ಮೂರನೆಯದು. ಮೊದಲನೆಯದು ಅರ್ಧ ನಿಜ, ಎರಡನೆಯದು ಸುಳ್ಳು. ಮೂರನೆಯದನ್ನು ನಂಬಿದರೆ ಜೀವ ಹೋಗಬಹುದು.

ಇವುಗಳನ್ನು ಒಂದೊಂದಾಗಿ ನಿಜ, ಸುಳ್ಳು ಎಂದು ಗುರುತು ಹಾಕಿ ಮುಗಿಸಬಹುದಿತ್ತು. ಆದರೆ ಪೆಟ್ರೋಲ್ ಎಲ್ಲಿಂದ ಸೋರುತ್ತದೆ, ಏಕೆ ಸೋರುತ್ತದೆ ಎಂಬುದು ಗೊತ್ತಿದ್ದರೆ ಮುಂದೆ ಬರುವ ಹತ್ತು ಫಾರ್ವರ್ಡ್‌ಗಳನ್ನು ನೀವೇ ಅಳೆಯಬಲ್ಲಿರಿ. ಅದನ್ನು ಅರ್ಥ ಮಾಡಿಕೊಳ್ಳಲು ನಾವು ಆರಿಸಿಕೊಂಡಿರುವುದು ಒಂದು ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಎಂಜಿಬಿ. ಇಂದು ನಮ್ಮ ರಸ್ತೆಗಳಲ್ಲಿ ಹೆಕ್ಟರ್ ಕಾರಿನ ಮೇಲೆ ಕಾಣುವ ಎಂಜಿ ಹೆಸರು ಇದರದ್ದೇ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆ್ಯಬಿಂಗ್ಡನ್ ಎಂಬ ಪಟ್ಟಣದಲ್ಲಿ ಇದು ತಯಾರಾಯಿತು. ಒಟ್ಟು 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅಷ್ಟೊಂದು ಬಂದಿದ್ದರಿಂದಲೇ ಇವತ್ತಿಗೂ ಬ್ರಿಟನ್, ಅಮೆರಿಕಗಳಲ್ಲಿ ಜನ ಮನೆಯ ಗ್ಯಾರೇಜಿನಲ್ಲಿ ಇದನ್ನು ಬಿಚ್ಚಿ ಹೊಸದಾಗಿ ಜೋಡಿಸುತ್ತಾರೆ. ಹಾಗೆ ಜೋಡಿಸುವವರು ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯಗಳಲ್ಲಿ ಪೆಟ್ರೋಲ್ ಸೋರಿಕೆಯೂ ಒಂದು.

ನಮಗೂ ಈ ಕಾರಿಗೂ ಏನು ಸಂಬಂಧ ಎನ್ನಬೇಡಿ. ಎಂಜಿಬಿಯ 1798 ಸಿಸಿ ಎಂಜಿನ್ 'ಬಿ-ಸೀರೀಸ್' ಎಂಬ ಕುಟುಂಬಕ್ಕೆ ಸೇರಿದ್ದು. ನಮ್ಮ ಹಳೆಯ ಅಂಬಾಸಿಡರ್ ಕಾರಿನಲ್ಲಿ ವರ್ಷಗಟ್ಟಲೆ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಕುಟುಂಬದ್ದು. ಅಣ್ಣ ತಮ್ಮ ಅನ್ನಿ.

ಫುಲ್ ಟ್ಯಾಂಕ್ ಮಾಡಿದಾಗ ಮಾತ್ರ ಬರುವ ವಾಸನೆ

ಎಂಜಿಬಿ ಮಾಲೀಕರು ಹೇಳುವ ಒಂದು ವಿಚಿತ್ರ ದೂರು ಹೀಗಿದೆ: ಅರ್ಧ ಟ್ಯಾಂಕ್ ಇರುವಾಗ ಏನೂ ತೊಂದರೆಯಿಲ್ಲ, ಫುಲ್ ಮಾಡಿಸಿದ ದಿನ ಮಾತ್ರ ಕಾರಿನೊಳಗೆಲ್ಲ ಪೆಟ್ರೋಲ್ ವಾಸನೆ. ಕೆಳಗೆ ಬಗ್ಗಿ ನೋಡಿದರೆ ಟ್ಯಾಂಕಿನ ತಳ ಗಟ್ಟಿಮುಟ್ಟಾಗಿದೆ, ಒಂದು ಹನಿಯೂ ಇಲ್ಲ.

ಕಾರಣ ಟ್ಯಾಂಕಿನ ಮೇಲ್ಭಾಗದಲ್ಲಿದೆ. ಈ ಕಾರಿನ ಟ್ಯಾಂಕ್ ಡಿಕ್ಕಿಯ ನೆಲದ ಅಡಿಗೆ ಅಂಟಿಕೊಂಡಂತೆ ಬೋಲ್ಟ್ ಆಗಿರುತ್ತದೆ. ತಗಡು ತಗಡಿಗೆ ಉಜ್ಜದಿರಲಿ ಎಂದು ಮಧ್ಯೆ ಮೆತ್ತನೆಯ ಪಟ್ಟಿಗಳನ್ನು ಇಟ್ಟಿದ್ದರು. ಮಳೆಯಲ್ಲಿ ಚಕ್ರ ಎರಚಿದ ನೀರು, ಕೆಸರು, ಚಳಿಗಾಲದಲ್ಲಿ ಹಿಮ ಕರಗಿಸಲು ಬ್ರಿಟನ್ನಿನ ರಸ್ತೆಗಳಿಗೆ ಸುರಿಯುವ ಉಪ್ಪು, ಎಲ್ಲವೂ ಆ ಸಂದಿಗೆ ಹೋಗಿ ಪಟ್ಟಿಯಲ್ಲಿ ನೆನೆದುಕೊಂಡು ಕೂರುತ್ತವೆ. ಒದ್ದೆ ಬಟ್ಟೆಯನ್ನು ಕಬ್ಬಿಣದ ಬಾಗಿಲ ಮೇಲೆ ತಿಂಗಳುಗಟ್ಟಲೆ ಹಾಕಿಟ್ಟಂತೆ. ತಳಕ್ಕೆ ಗಾಳಿ ಆಡಿ ಒಣಗುತ್ತದೆ, ಮೇಲ್ಭಾಗ ಒಣಗುವುದೇ ಇಲ್ಲ. ಹೀಗಾಗಿ ಟ್ಯಾಂಕ್ ಮೇಲಿನಿಂದ ತುಕ್ಕು ಹಿಡಿದು ಸೂಜಿಮೊನೆಯಂಥ ತೂತುಗಳಾಗುತ್ತವೆ. ಪೆಟ್ರೋಲ್ ಆ ಮಟ್ಟ ಮುಟ್ಟಿದಾಗಷ್ಟೇ ಜಿನುಗುತ್ತದೆ. ಪೆಟ್ರೋಲ್ ಎಷ್ಟಿದೆ ಎಂದು ಗೇಜ್‌ಗೆ ತಿಳಿಸುವ ಸೆಂಡರ್ ಕೂರುವ ಜಾಗದ ರಬ್ಬರ್ ರಿಂಗ್ ಹಳತಾದರೂ ಹೀಗೇ ಆಗುತ್ತದೆ.

ಈಗ ಆ ಬೇಸಿಗೆಯ ಫಾರ್ವರ್ಡ್‌ಗೆ ಬರೋಣ. ಬಿಸಿಲಿನಲ್ಲಿ ಫುಲ್ ಟ್ಯಾಂಕ್ ಸ್ಫೋಟಿಸುತ್ತದೆ, ಅರ್ಧ ಮಾತ್ರ ತುಂಬಿಸಿ ಎಂದು ಇಂಡಿಯನ್ ಆಯಿಲ್ ಎಚ್ಚರಿಸಿದೆ ಎಂಬ ಸಂದೇಶ ಪ್ರತಿ ಬೇಸಿಗೆಯಲ್ಲೂ ತಲೆ ಎತ್ತುತ್ತದೆ. ಆ ಸಂಸ್ಥೆಯೇ ಇದನ್ನು ಅಲ್ಲಗಳೆದಿದೆ. ವಾಹನ ತಯಾರಕರು ಹೇಳಿದ ಮಿತಿಯವರೆಗೆ ಚಳಿಗಾಲವಾದರೂ ಬೇಸಿಗೆಯಾದರೂ ತುಂಬಿಸುವುದು ಸುರಕ್ಷಿತ ಎಂದು ಸ್ಪಷ್ಟನೆ ಕೊಟ್ಟಿದೆ. ವಿಜ್ಞಾನವೂ ಅದನ್ನೇ ಹೇಳುತ್ತದೆ. ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಗಾಳಿಯ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆಯಬೇಕು. ಗಾಳಿಯಲ್ಲಿ ಆವಿ ಸುಮಾರು 1.4%ಗಿಂತ ಕಡಿಮೆ ಇದ್ದರೂ ಹೊತ್ತದು, ಸುಮಾರು 7.6%ಗಿಂತ ಹೆಚ್ಚಿದ್ದರೂ ಹೊತ್ತದು. ನಮ್ಮ ಬೇಸಿಗೆಯಲ್ಲಿ ಪೆಟ್ರೋಲ್ ಇರುವ ಟ್ಯಾಂಕಿನೊಳಗೆ ಆವಿ ಆ ಮೇಲಿನ ಮಿತಿಯನ್ನೂ ಮೀರಿ ದಟ್ಟವಾಗಿರುತ್ತದೆ. ಕಿಡಿಯಂತೂ ಅಲ್ಲಿಲ್ಲ. ಬಿಸಿಲೊಂದೇ ಹೊತ್ತಿಸಲಾರದು.

ಆದರೂ ಆ ಸಂದೇಶ ಇಷ್ಟು ವರ್ಷ ಬದುಕಿರುವುದಕ್ಕೆ ಒಂದು ಸಣ್ಣ ಎಳೆ ನಿಜ ಇದೆ. ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ. ಬಂಕಿನ ನೆಲದಡಿಯ ತಂಪು ತೊಟ್ಟಿಯಿಂದ 50 ಲೀಟರ್ ತುಂಬಿಸಿಕೊಂಡು ಬಂದು, ಅದು 20 ಡಿಗ್ರಿ ಬಿಸಿಯೇರಿತು ಎಂದುಕೊಳ್ಳಿ. ಸುಮಾರು 1 ಲೀಟರ್‌ನಷ್ಟು ಜಾಗ ಹೆಚ್ಚಿಗೆ ಬೇಕಾಗುತ್ತದೆ. ಟ್ಯಾಂಕ್‌ಗಳನ್ನು ಮಾಡುವಾಗಲೇ ಅದಕ್ಕೆ ಜಾಗ ಬಿಟ್ಟಿರುತ್ತಾರೆ. ಬಂಕಿನ ನಾಝಲ್ 'ಟಕ್' ಎಂದು ನಿಂತ ಮೇಲೂ ರೌಂಡ್ ಫಿಗರ್ ಮಾಡಲು ಇನ್ನೂ ಒತ್ತಿ ಒತ್ತಿ ತುಂಬಿಸಿದರೆ ಆ ಜಾಗವೂ ಮುಗಿದು ಪೆಟ್ರೋಲ್ ಹೊರಗೆ ಚೆಲ್ಲುತ್ತದೆ. ಮೇಲ್ಭಾಗ ತೂತಾದ ಹಳೆಯ ಟ್ಯಾಂಕಿನಲ್ಲಂತೂ ಖಂಡಿತ ಚೆಲ್ಲುತ್ತದೆ. ಹಾಗಾಗಿ ಬೇಡವಾದದ್ದು ಫುಲ್ ಟ್ಯಾಂಕ್ ಅಲ್ಲ, ಫುಲ್ ಆದ ಮೇಲೆ ಹಾಕಿಸುವ ಆ ಕೊನೆಯ ಇಪ್ಪತ್ತು ರೂಪಾಯಿ.

ಸೋಪಿನ ಮಾತು ಅರ್ಧ ನಿಜ ಎಂದದ್ದೇಕೆ?

ಗ್ಯಾರೇಜ್‌ಗಳಲ್ಲಿ ಸೋಪು ಉಜ್ಜುವುದು ಫಾರ್ವರ್ಡ್‌ಗಳಿಗಿಂತ ಬಹಳ ಹಳೆಯ ಪದ್ಧತಿ. ಲಾರಿ ಚಾಲಕರಿಗೂ ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೂ ಗೊತ್ತು. ಅದು ಕೆಲಸ ಮಾಡುತ್ತದೆ ಕೂಡ. ಸೋಪು ನೀರಿನಲ್ಲಿ ಕರಗುತ್ತದೆ, ಪೆಟ್ರೋಲ್‌ನಲ್ಲಿ ಕರಗುವುದಿಲ್ಲ. ಗಟ್ಟಿ ಸೋಪನ್ನು ಸಣ್ಣ ತೂತಿನ ಮೇಲೆ ಒತ್ತಿ ಉಜ್ಜಿದರೆ ಅದು ಮೇಣದಂತೆ ಒಳಗೆ ತುಂಬಿಕೊಂಡು ಪೆಟ್ರೋಲನ್ನು ತಡೆಯುತ್ತದೆ. ನಡುದಾರಿಯಲ್ಲಿ, ರಾತ್ರಿ ಹೊತ್ತು, ಹತ್ತಿರದ ಗ್ಯಾರೇಜ್ ಮುಟ್ಟುವುದಕ್ಕೆ ಇದು ಒಳ್ಳೆಯ ಉಪಾಯ. ಇದನ್ನು ಮೊದಲು ಕಂಡುಕೊಂಡ ಮೆಕ್ಯಾನಿಕ್‌ಗೆ ರಸಾಯನಶಾಸ್ತ್ರ ಓದಿ ಗೊತ್ತಿರಲಿಲ್ಲವೇನೋ, ಕೈಗೆ ಗೊತ್ತಿತ್ತು.

ತೊಂದರೆ ಇರುವುದು ಅದನ್ನೇ ರಿಪೇರಿ ಎಂದುಕೊಳ್ಳುವುದರಲ್ಲಿ. ಮೊದಲ ಮಳೆಗೆ ಸೋಪು ತೊಳೆದುಹೋಗುತ್ತದೆ. ಗಾಡಿ ಅದುರಿದಾಗ ಉದುರುತ್ತದೆ. ಜೊತೆಗೆ ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಎಥನಾಲ್ ಸೋಪನ್ನು ಸ್ವಲ್ಪ ಮಟ್ಟಿಗೆ ಕರಗಿಸಬಲ್ಲದು. ಪಾರದರ್ಶಕ ಗ್ಲಿಸರಿನ್ ಸೋಪು ಮಾಡುವಾಗ ಸೋಪನ್ನು ಆಲ್ಕೋಹಾಲ್‌ನಲ್ಲಿ ಕರಗಿಸುವ ವಿಧಾನವೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ತೂತು ಕಂಡಿದೆ ಎಂದರೆ ಸುತ್ತಲಿನ ತಗಡು ಕಾಗದದಷ್ಟು ತೆಳುವಾಗಿದೆ ಎಂದು ಅರ್ಥ. ಜೋರಾಗಿ ಉಜ್ಜಿದರೆ ಬೆರಳೇ ಒಳಹೋಗಬಹುದು.

ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿಯ ಕಥೆ ಬೇರೆ. ಗಟ್ಟಿಯಾದ ಎಪಾಕ್ಸಿ ಪೆಟ್ರೋಲನ್ನು ಸಾಕಷ್ಟು ತಡೆದುಕೊಳ್ಳುತ್ತದೆ, ಆದರೆ ಅಂಟಿಕೊಳ್ಳಲು ಅದಕ್ಕೆ ಒಣಗಿದ, ಎಣ್ಣೆಯಿಲ್ಲದ, ಉಜ್ಜಿ ಒರಟು ಮಾಡಿದ ಲೋಹ ಬೇಕು. ಸೋರುತ್ತಿರುವ ಜಾಗದಲ್ಲಿ ಅದೇ ಇಲ್ಲ. ತಕ್ಷಣ ಅಂಟುವ ಸೂಪರ್ ಗ್ಲೂ ಹಾಕಿ ಮೇಲೆ ಹತ್ತಿ ಒತ್ತುವ ವಿಡಿಯೊಗಳನ್ನು ಕಂಡರೆ ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಆ ಅಂಟು ಹತ್ತಿಯ ಜೊತೆ ಸೇರಿದಾಗ ಕೈ ಸುಡುವಷ್ಟು ಬಿಸಿಯಾಗಿ ಹೊಗೆ ಏಳುವುದುಂಟು. ಪೆಟ್ರೋಲ್ ಪಕ್ಕದಲ್ಲಿ ಮಾಡುವ ಪ್ರಯೋಗ ಅದಲ್ಲ.

ಟ್ಯಾಂಕ್ ಹಿಂದೆ, ಸೋರಿಕೆ ಮುಂದೆ

ಎಂಜಿಬಿಯಲ್ಲಿ ಟ್ಯಾಂಕ್ ಹಿಂದಿದೆ, ಎಂಜಿನ್ ಮುಂದಿದೆ. ನಡುವೆ ಪೆಟ್ರೋಲ್ ಸಾಗುವ ದಾರಿ ಹೀಗೆ: ಟ್ಯಾಂಕ್, ಅದರಿಂದ ಪಂಪ್, ಕಾರಿನ ತಳದಲ್ಲಿ ಸಾಗುವ ಲೋಹದ ಪೈಪ್, ಮುಂದೆ ರಬ್ಬರ್ ಹೋಸ್, ಕೊನೆಗೆ ಎರಡು ಎಸ್‌ಯು ಕಾರ್ಬುರೇಟರ್‌ಗಳು. ಹೆಚ್ಚಿನವರ ಕಣ್ಣಿಗೆ ಮೊದಲು ಬೀಳುವುದು ಕಾರ್ಬುರೇಟರ್ ಸೋರಿಕೆ, ಹಾಗಾಗಿ ಮೊದಲು ಬಿಚ್ಚುವುದೂ ಅದನ್ನೇ. ನಮ್ಮ ಅಭಿಪ್ರಾಯದಲ್ಲಿ ಕೆಲಸ ಶುರುವಾಗಬೇಕಾದದ್ದು ಇನ್ನೊಂದು ತುದಿಯಿಂದ.

ಏಕೆಂದು ನೋಡಿ. ಕಾರ್ಬುರೇಟರ್ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು ಇರುತ್ತದೆ. ಅದರಲ್ಲಿ ಒಂದು ಫ್ಲೋಟ್ ತೇಲುತ್ತಿರುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡಿನಂಥ ವಾಲ್ವ್ ಮಾಡುವ ಕೆಲಸವನ್ನೇ ಇದು ಇಲ್ಲಿ ಮಾಡುತ್ತದೆ: ಬಟ್ಟಲು ತುಂಬಿದಾಗ ಫ್ಲೋಟ್ ಮೇಲೇರಿ ಒಂದು ಸಣ್ಣ ಸೂಜಿಯನ್ನು ಒತ್ತಿ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುತ್ತದೆ. ಆ ಸೂಜಿ ಮತ್ತು ಅದು ಕೂರುವ ಜಾಗದ ನಡುವೆ ಮರಳಿನ ಕಣದಷ್ಟು ಕಸ ಸಿಕ್ಕಿಕೊಂಡರೂ ದಾರಿ ಮುಚ್ಚುವುದಿಲ್ಲ. ಪೆಟ್ರೋಲ್ ಉಕ್ಕಿ ಹೊರಗೆ ಹರಿಯುತ್ತದೆ. ಆ ಕಣ ಎಲ್ಲಿಂದ ಬಂತು? ಹಿಂದಿನ ಟ್ಯಾಂಕಿನ ತುಕ್ಕಿನಿಂದ. ಕಾರ್ಬುರೇಟರನ್ನು ಎಷ್ಟು ಸಲ ಬಿಚ್ಚಿ ತೊಳೆದರೂ, ಟ್ಯಾಂಕ್ ಹಾಗೇ ಇದ್ದರೆ ಮುಂದಿನ ವಾರ ಅದೇ ಕಥೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲನ್ನು ಮೆಲ್ಲಗೆ ಬಡಿದರೆ ಕೆಲವೊಮ್ಮೆ ಕಸ ಸರಿದು ಸೋರಿಕೆ ನಿಲ್ಲುತ್ತದೆ, ನಿಜ. ಅದೂ ಸೋಪಿನ ಜಾತಿಯದ್ದೇ ಉಪಾಯ.

ಫ್ಲೋಟ್ ತೂತಾಗಿ ಅದರೊಳಗೆ ಪೆಟ್ರೋಲ್ ತುಂಬಿದರೂ ಇದೇ ಆಗುತ್ತದೆ. ಫ್ಲೋಟ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಎಳನೀರಿನಂತೆ ಕುಲುಕಿದರೆ ಅದು ಸತ್ತಿದೆ ಎಂದೇ ಲೆಕ್ಕ.

ಈ ಉಕ್ಕುವಿಕೆಯನ್ನು ಲಘುವಾಗಿ ತೆಗೆದುಕೊಳ್ಳಲು ಆಗದ ಕಾರಣ ಎಂಜಿನ್ನಿನ ರಚನೆಯಲ್ಲಿದೆ. ಬಿ-ಸೀರೀಸ್ ಎಂಜಿನ್‌ನಲ್ಲಿ ಪೆಟ್ರೋಲ್ ಒಳಹೋಗುವ ದಾರಿಯೂ ಸುಟ್ಟ ಹೊಗೆ ಹೊರಬರುವ ದಾರಿಯೂ ಒಂದೇ ಪಕ್ಕದಲ್ಲಿವೆ. ಅಂದರೆ ಕಾರ್ಬುರೇಟರ್‌ಗಳ ಅಡಿಯಲ್ಲೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುತ್ತದೆ. ನಡುವೆ ಒಂದು ತಗಡಿನ ಮರೆ, ಉಕ್ಕಿದ ಪೆಟ್ರೋಲನ್ನು ದೂರ ಕೊಂಡೊಯ್ಯಲು ಒಂದು ಸಣ್ಣ ಕೊಳವೆ, ಇಷ್ಟೇ ರಕ್ಷಣೆ. ಗಾಡಿ ಚೆನ್ನಾಗಿ ಕಾಣಲಿ ಎಂದು ಪೇಂಟ್ ಮಾಡುವಾಗ ಆ ತಗಡನ್ನೋ ಕೊಳವೆಯನ್ನೋ ಬಿಚ್ಚಿಟ್ಟು ಮತ್ತೆ ಹಾಕದೆ ಬಿಡುವವರಿದ್ದಾರೆ. ಅಂಬಾಸಿಡರ್ ಇಟ್ಟುಕೊಂಡಿರುವವರು ಒಮ್ಮೆ ಬಾನೆಟ್ ಎತ್ತಿ ನೋಡಿ, ನಿಮ್ಮದರಲ್ಲೂ ಅದೇ ಜೋಡಣೆ.

ಟಿಕ್ ಟಿಕ್ ಎನ್ನುವ ಪಂಪ್

ಹಳೆಯ ಎಂಜಿಬಿಯ ಪೆಟ್ರೋಲ್ ಪಂಪ್ ವಿದ್ಯುತ್ತಿನಿಂದ ನಡೆಯುವಂಥದ್ದು, ಹಿಂದಿನ ಚಕ್ರದ ಹತ್ತಿರ ಕೂತಿರುತ್ತದೆ. ಕೀಲಿ ತಿರುಗಿಸಿದ ಕೂಡಲೇ ಟಿಕ್ ಟಿಕ್ ಟಿಕ್ ಎಂದು ಬಡಿಯುತ್ತದೆ. ಕಾರ್ಬುರೇಟರ್ ಬಟ್ಟಲು ತುಂಬಿ ಸೂಜಿ ಮುಚ್ಚಿದಾಗ ಒತ್ತಡ ಏರಿ ಪಂಪ್ ತಾನಾಗಿಯೇ ನಿಲ್ಲುತ್ತದೆ. ನಮಗೆ ಇಡೀ ಕಾರಿನಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ, ಏಕೆಂದರೆ ಇದು ಯಾವ ಮೀಟರ್ ಇಲ್ಲದೆ ಸೋರಿಕೆ ಹೇಳುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿ ಕಿವಿಗೊಡಬೇಕು. ಕೆಲವು ಸೆಕೆಂಡುಗಳಲ್ಲಿ ಸದ್ದು ನಿಂತರೆ ಸರಿ. ನಿಲ್ಲದೆ ಬಡಿಯುತ್ತಲೇ ಇದ್ದರೆ ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ, ಇಲ್ಲವೇ ಟ್ಯಾಂಕ್ ಮತ್ತು ಪಂಪ್ ನಡುವಿನ ಸಂದಿಯಿಂದ ಪಂಪ್ ಗಾಳಿ ಎಳೆದುಕೊಳ್ಳುತ್ತಿದೆ.

ಇದರಲ್ಲೇ ಅಪಾಯವೂ ಇದೆ. ಮುಂದಿನ ಹೋಸ್ ಕಳಚಿದರೆ, ಎಂಜಿನ್ ನಿಂತಿದ್ದರೂ ಕೀಲಿ ಆನ್ ಇರುವವರೆಗೆ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹೊಸ ಕಾರುಗಳಲ್ಲಿ ಎಂಜಿನ್ ನಿಂತರೆ ಕಂಪ್ಯೂಟರ್ ಪಂಪನ್ನೂ ನಿಲ್ಲಿಸುತ್ತದೆ. ಹಳೆಯದರಲ್ಲಿ ನಿಲ್ಲಿಸಬೇಕಾದವರು ನೀವೇ. ಯಾವ ಗಾಡಿಯಾದರೂ ಸರಿ, ಪೆಟ್ರೋಲ್ ಜೋರಾಗಿ ವಾಸನೆ ಬಂದರೆ ಕೈ ಮೊದಲು ಹೋಗಬೇಕಾದದ್ದು ಕೀಲಿಗೆ, ಬಾನೆಟ್‌ಗೆ ಅಲ್ಲ.

ಒಂದು ಸರಿ ಮಾಡಿದರೆ ಇನ್ನೊಂದು ಸೋರುವುದೇಕೆ?

ಹತ್ತು ವರ್ಷ ಶೆಡ್‌ನಲ್ಲಿ ನಿಂತ ಗಾಡಿಯನ್ನು ಎಬ್ಬಿಸಿದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿಹೋಗಿ ಒಂದು ಬಗೆಯ ಅಂಟು ಉಳಿಯುತ್ತದೆ. ಆ ಅಂಟು ಮತ್ತು ತುಕ್ಕು ಸೇರಿ ಟ್ಯಾಂಕಿನ ಸಣ್ಣ ತೂತುಗಳನ್ನು ತಾವೇ ಮುಚ್ಚಿಕೊಂಡಿರುತ್ತವೆ. ನೀವು ಟ್ಯಾಂಕನ್ನು ಚೆನ್ನಾಗಿ ತೊಳೆದ ದಿನ ಅವೆಲ್ಲ ತೆರೆದುಕೊಳ್ಳುತ್ತವೆ. ತೊಳೆದದ್ದೇ ತಪ್ಪಾಯಿತು ಎಂದು ಮೆಕ್ಯಾನಿಕ್ ಮೇಲೆ ರೇಗಬೇಡಿ, ತೂತು ಮೊದಲೇ ಇತ್ತು.

ರಬ್ಬರ್ ಭಾಗಗಳದ್ದು ಇನ್ನೊಂದು ಲೆಕ್ಕ. ರಬ್ಬರ್ ಮೆತ್ತಗಿರಲು ಅದರಲ್ಲಿ ಬೆರೆಸಿದ ಅಂಶಗಳು ವರ್ಷಗಳು ಕಳೆದಂತೆ ಹೊರಟುಹೋಗುತ್ತವೆ. ಒಣಗಿದ ರಬ್ಬರ್ ಕುಗ್ಗಿ ಗಟ್ಟಿಯಾಗುತ್ತದೆ. ಹೊಸ ಪೆಟ್ರೋಲ್ ತಾಗಿದಾಗ ಊದಿಕೊಳ್ಳುತ್ತದೆ, ಒಣಗಿದರೆ ಮತ್ತೆ ಕುಗ್ಗುತ್ತದೆ, ನಾಲ್ಕಾರು ಸಲ ಹೀಗಾದಾಗ ಬಿರುಕು ಬಿಡುತ್ತದೆ. ಹಳೆಯ ಬೈಕುಗಳ ಕೆಲವು ಪೆಟ್ರೋಲ್ ಟ್ಯಾಪ್‌ಗಳಲ್ಲಿ ಕಾರ್ಕ್ ಇರುತ್ತಿತ್ತು. ಅದೂ ಒಣಗಿದರೆ ಕುಗ್ಗುವ ವಸ್ತುವೇ. ಆದ್ದರಿಂದ ಹೋಸ್‌ಗಳನ್ನು ಒಂದೊಂದಾಗಿ ಅಲ್ಲ, ಒಟ್ಟಿಗೇ ಬದಲಿಸುವುದು ಲಾಭ. ಹೋಸ್‌ನ ಬೆಲೆ ಟ್ಯಾಂಕಿನಲ್ಲಿರುವ ಪೆಟ್ರೋಲ್‌ನ ಬೆಲೆಗಿಂತಲೂ ಕಡಿಮೆ.

ಯಾವ ಹೋಸ್ ಎನ್ನುವುದು ಮುಖ್ಯ. ನೀರಿನ ಪೈಪ್, ಗ್ಯಾಸ್ ಒಲೆಯ ಪೈಪ್, ಅಕ್ವೇರಿಯಂ ಪೈಪ್ ಯಾವುದೂ ಆಗದು. ಹೋಸ್‌ನ ಮೈಮೇಲೆ 'ಎಸ್‌ಎಇ ಜೆ30 ಆರ್9' ಎಂಬ ಗುರುತಿದ್ದರೆ ಅದರ ಒಳಪದರ ಎಥನಾಲ್ ಬೆರೆತ ಪೆಟ್ರೋಲನ್ನು ತಡೆಯುವ ಫ್ಲೋರಿನ್ ಇರುವ ರಬ್ಬರಿನದ್ದು. 'ಆರ್6' ಗುರುತಿನದ್ದು ಅಷ್ಟು ಬಾಳಿಕೆಯದಲ್ಲ. ಅಗ್ಗದ ಹೋಸ್‌ಗಳು ಹಾಕಿಸಿದ ಒಂದೆರಡು ವರ್ಷಕ್ಕೇ ಬಿರಿದವು ಎಂಬ ದೂರು ಬ್ರಿಟನ್ನಿನ ಹಳೆಯ ಕಾರುಗಳ ಮಾಲೀಕರಲ್ಲಿ ಸಾಮಾನ್ಯ. ಗುರುತಿದ್ದರೂ ಮೊದಲ ವರ್ಷ ಆಗಾಗ ಬಗ್ಗಿಸಿ ನೋಡುವುದು ಒಳ್ಳೆಯದು.

ಸೋರಿದ ಕೂಡಲೇ ಕ್ಲಿಪ್ ಬಿಗಿ ಮಾಡುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಸ್ಕ್ರೂ ಕ್ಲಿಪ್ಪನ್ನು ಅತಿಯಾಗಿ ಬಿಗಿದರೆ ಅದರ ಅಂಚು ರಬ್ಬರನ್ನೇ ಕೊಯ್ಯುತ್ತದೆ. ಲೋಹದ ಪೈಪ್‌ಗಳ ಜೋಡಣೆಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಸುತ್ತುವುದೂ ಉಂಟು. ಅಂಥ ಕಡೆ ಲೋಹ ಲೋಹಕ್ಕೆ ಕೂತೇ ಸೋರಿಕೆ ನಿಲ್ಲಬೇಕು, ಟೇಪ್‌ನಿಂದ ಅಲ್ಲ. ಟೇಪಿನ ಎಳೆ ಹರಿದು ಪೆಟ್ರೋಲ್ ಜೊತೆ ಹೋಗಿ ಆ ಕಾರ್ಬುರೇಟರ್ ಸೂಜಿಗೆ ಸಿಕ್ಕಿಕೊಂಡರೆ ಇನ್ನೊಂದು ಸೋರಿಕೆ ತಯಾರು. ಒಮ್ಮೆ ಬಿಚ್ಚಿದ ಫೈಬರ್ ವಾಷರ್‌ಗಳನ್ನು ಮತ್ತೆ ಹಾಕಬಾರದು.

ಖಾಲಿ ಟ್ಯಾಂಕ್ ಮತ್ತು ವೆಲ್ಡಿಂಗ್

ಈ ಲೇಖನದಲ್ಲಿ ಒಂದೇ ಭಾಗವನ್ನು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯಕಾರಿ. ಕೇಳಲು ವಿಚಿತ್ರ, ಆದರೆ ಮೇಲೆ ಹೇಳಿದ 1.4% ಮತ್ತು 7.6% ನೆನಪಿಸಿಕೊಳ್ಳಿ. ಖಾಲಿ ಮಾಡಿದ ಟ್ಯಾಂಕಿಗೆ ಗಾಳಿ ನುಗ್ಗುತ್ತದೆ, ತಳದಲ್ಲಿ ಉಳಿದ ನಾಲ್ಕು ಹನಿ ಆವಿಯಾಗಿ ಆ ಗಾಳಿಯ ಜೊತೆ ಹೊತ್ತಿಕೊಳ್ಳುವ ಪ್ರಮಾಣದಲ್ಲೇ ಬೆರೆಯುತ್ತದೆ. 100 ಮಿಲಿ, ಅಂದರೆ ಒಂದು ಸಣ್ಣ ಟೀ ಲೋಟದಷ್ಟು ಪೆಟ್ರೋಲ್ ಪೂರ್ತಿ ಆವಿಯಾದರೆ ಸಾವಿರ ಲೀಟರ್‌ಗೂ ಹೆಚ್ಚು ಗಾಳಿಯನ್ನು ಹೊತ್ತಿಕೊಳ್ಳುವಂತೆ ಮಾಡಬಲ್ಲದು. ಮನೆ ಮೇಲಿನ ದೊಡ್ಡ ಕಪ್ಪು ನೀರಿನ ಟ್ಯಾಂಕಿನಷ್ಟು ಗಾಳಿ. 50 ಲೀಟರ್ ಟ್ಯಾಂಕಿಗೆ ಒಂದು ಟೀ ಚಮಚದಷ್ಟು ಸಾಕು. ಮುಚ್ಚಿದ ಡಬ್ಬಿಯೊಳಗೆ ಅದು ಹೊತ್ತಿದರೆ ಟ್ಯಾಂಕ್ ಬಾಂಬಿನಂತೆ ಸಿಡಿಯುತ್ತದೆ. ಹಳೆಯ ಡ್ರಮ್, ಟ್ಯಾಂಕ್‌ಗಳನ್ನು ವೆಲ್ಡಿಂಗ್ ಮಾಡುವಾಗ, ಕತ್ತರಿಸುವಾಗ ಕಾರ್ಮಿಕರು ಸಾಯುವುದು ಹೀಗೇ.

ನೀರಿನಲ್ಲಿ ತೊಳೆದರೆ ಸಾಲದೇ? ಸಾಲದು. ಪೆಟ್ರೋಲ್ ನೀರಿನಲ್ಲಿ ಕರಗುವುದಿಲ್ಲ. ಟ್ಯಾಂಕಿನ ಮಡಿಕೆಗಳಲ್ಲಿ, ತುಕ್ಕಿನ ಪದರದಲ್ಲಿ, ಅಂಟಿನಲ್ಲಿ ಅದು ಅಡಗಿ ಕೂರುತ್ತದೆ. ಮೂಗಿಗೆ ವಾಸನೆ ಬಾರದಿರಬಹುದು. ವೆಲ್ಡಿಂಗ್ ಶಾಖ ತಾಗಿದ ಕೂಡಲೇ ಅದು ಆವಿಯಾಗಿ ಹೊರಬರುತ್ತದೆ, ಅಲ್ಲೇ ಕಿಡಿಯೂ ಇದೆ. ತಿಂಗಳುಗಟ್ಟಲೆ ಬಿಸಿಲಿನಲ್ಲಿ ಇಟ್ಟಿದ್ದೆವು ಎಂಬುದೂ ಭರವಸೆಯಲ್ಲ.

ಟ್ಯಾಂಕ್ ರಿಪೇರಿ ಮಾಡುವ ಅನುಭವಿಗಳು ಬಿಸಿ ನೀರು, ಡಿಟರ್ಜೆಂಟ್, ಹಬೆ ಬಳಸಿ ಹಲವು ಸಲ ತೊಳೆಯುತ್ತಾರೆ, ಒಳಗಿನ ಗಾಳಿಯನ್ನು ಸಾರಜನಕದಂಥ ಹೊತ್ತದ ಅನಿಲದಿಂದ ಹೊರಹಾಕುತ್ತಾರೆ, ಆವಿ ಉಳಿದಿಲ್ಲವೆಂದು ಮೀಟರ್ ಇಟ್ಟು ನೋಡುತ್ತಾರೆ. ಇದಿಷ್ಟೂ ಇಲ್ಲದ ಕಡೆ ವೆಲ್ಡಿಂಗ್ ಮಾಡಿಸಬೇಡಿ, ನಿಮಗಾಗಿ ಅಲ್ಲದಿದ್ದರೂ ಆ ವೆಲ್ಡಿಂಗ್ ಹುಡುಗನಿಗಾಗಿ. ಟ್ಯಾಂಕ್ ಕೊಟ್ಟು ಹೋಗುವವರು ನಾವು, ಅದರ ಮೇಲೆ ಬಗ್ಗಿ ಕೂರುವವನು ಅವನು. ಎಂಜಿಬಿಗೆ ಹೊಸ ಟ್ಯಾಂಕ್‌ಗಳು ಈಗಲೂ ತಯಾರಾಗುವುದರಿಂದ ತೂತಾದ ಟ್ಯಾಂಕನ್ನು ಬದಲಿಸುವುದೇ ಸುಲಭದ ದಾರಿ.

ಟ್ಯಾಂಕಿನ ಒಳಗೆ ಸುರಿದು ಪದರ ಕಟ್ಟಿಸುವ ಸೀಲರ್‌ಗಳೂ ಇವೆ. ಸಣ್ಣ ತೂತುಗಳಿಗೆ ಅವು ಸರಿ. ಆದರೆ ಹಿಂದಿನ ಕಾಲದ ಕೆಲವು ಸೀಲರ್‌ಗಳನ್ನು ಎಥನಾಲ್ ಎಬ್ಬಿಸಿಬಿಡುತ್ತದೆ. ಎದ್ದ ಸಿಪ್ಪೆ ಫಿಲ್ಟರ್‌ಗೆ ತುಂಬಿಕೊಳ್ಳುತ್ತದೆ.

ಬಿಚ್ಚಿ ಚೆನ್ನಾಗಿ ತೊಳೆದ ಟ್ಯಾಂಕಿನ ತೂತು ಹುಡುಕುವ ವಿಧಾನ ಮಾತ್ರ ನಮ್ಮ ಪಂಕ್ಚರ್ ಅಂಗಡಿಯದ್ದೇ. ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಒಂದಿಷ್ಟೇ ಗಾಳಿ ಬಿಟ್ಟು, ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದು. ಗಾಳಿ 1 ಪಿಎಸ್‌ಐ ಆಸುಪಾಸು ಸಾಕು. ಟೈರಿಗೆ ಬಿಟ್ಟಂತೆ ಬಿಟ್ಟರೆ ಟ್ಯಾಂಕ್ ಉಬ್ಬಿ ಆಕಾರ ಕೆಡುತ್ತದೆ.

ಇ20 ಬಂದ ಮೇಲೆ ಎಲ್ಲ ಹಳೆಯ ಗಾಡಿಗಳೂ ಸೋರುತ್ತವೆಯೇ?

20% ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಅಂದಿನಿಂದ ಅದರ ಬಗ್ಗೆ ಬರುತ್ತಿರುವ ಫಾರ್ವರ್ಡ್‌ಗಳಿಗೆ ಲೆಕ್ಕವಿಲ್ಲ. ಗಾಡಿಗಳೆಲ್ಲ ಸುಟ್ಟುಹೋಗುತ್ತವೆ ಎನ್ನುವುದು ಉತ್ಪ್ರೇಕ್ಷೆ. ಏನೂ ಆಗುವುದಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. 2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳಲ್ಲಿ ಪೆಟ್ರೋಲ್ ತಾಗುವ ಭಾಗಗಳನ್ನು ಇ20ಕ್ಕೆ ಹೊಂದುವ ವಸ್ತುಗಳಿಂದಲೇ ಮಾಡಬೇಕೆಂಬ ನಿಯಮ ಬಂದಿದೆ. ಕಾರ್ಬುರೇಟರ್ ಕಾಲದ ಗಾಡಿಗಳಲ್ಲಿ ಹೋಸ್, ಗ್ಯಾಸ್ಕೆಟ್, ರಬ್ಬರ್ ತುದಿಯ ಸೂಜಿ, ಕಾರ್ಕ್ ಇವು ಎಥನಾಲ್‌ಗಾಗಿ ಮಾಡಿದವಲ್ಲ. ಇವನ್ನು ಬದಲಿಸಿಕೊಂಡರೆ ಸೋರಿಕೆಯ ಭಯ ಬಹುಪಾಲು ಹೋಗುತ್ತದೆ.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಸಾಮಾನ್ಯ ಪೆಟ್ರೋಲ್ ಇ10 ಆದಾಗ, ಹಳೆಯ ಕಾರುಗಳವರಿಗಾಗಿ 'ಸೂಪರ್' ದರ್ಜೆಯಲ್ಲಿ ಇ5 ಉಳಿಸಿಕೊಂಡರು. ಅಲ್ಲಿನ ಎಂಜಿಬಿ ಮಾಲೀಕರಿಗೆ ಹಾಗೊಂದು ಆಯ್ಕೆ ಇದೆ.

ಎಥನಾಲ್ ಇನ್ನೊಂದು ಕೆಲಸ ಮಾಡುತ್ತದೆ. ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರಿನಂಶ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ತಳದ ತಗಡನ್ನು ತಿನ್ನುತ್ತವೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಇದು ಕೆಟ್ಟದ್ದು. ಬಾಟಲಿಯಲ್ಲಿ ಪೆಟ್ರೋಲಿಗೆ ನೀರು ಹಾಕಿ, ತಳದ ಪದರ ಹೆಚ್ಚಾದದ್ದನ್ನು ತೋರಿಸಿ, ಬಂಕಿನವರು ನೀರು ಬೆರೆಸಿದ್ದಾರೆ ಎನ್ನುವ ವಿಡಿಯೊಗಳಲ್ಲಿ ಕಾಣುವುದೂ ಇದೇ. ಹೆಚ್ಚಾದದ್ದು ನೀರಲ್ಲ, ನೀರಿಗೆ ಬಂದು ಸೇರಿದ ಎಥನಾಲ್.

ಕೆಲಸಕ್ಕೆ ಕೈ ಹಾಕುವ ಮುನ್ನ

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲಕ್ಕೆ ಹರಡಿಕೊಂಡು ಗ್ಯಾರೇಜಿನ ಗುಂಡಿಗೆ, ಚರಂಡಿಗೆ, ನೆಲಮಾಳಿಗೆಗೆ ಇಳಿಯುತ್ತದೆ. ಮೈನಸ್ 40 ಡಿಗ್ರಿಯಲ್ಲೂ ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ, ಅಂದಮೇಲೆ ನಮ್ಮ ಊರಿನ ಸೆಖೆಗೆ ಕೇಳಬೇಕೆ? ಹಾಗಾಗಿ ಕೆಲಸ ಬಯಲಿನಲ್ಲಿ ಮಾಡಬೇಕು, ಗುಂಡಿಯಲ್ಲಿ ಅಲ್ಲ. ಮೊದಲು ಬ್ಯಾಟರಿ ತಂತಿ ಬಿಚ್ಚಬೇಕು. ಬೆಳಕಿಗೆ ಎಲ್‌ಇಡಿ ಟಾರ್ಚ್, ತಂತಿಗೆ ನೇತುಹಾಕಿದ ಬಲ್ಬ್ ಬೇಡ. ಬಲ್ಬ್ ಬಿದ್ದು ಒಡೆದರೆ ಅದರ ತಂತಿಯೇ ಕಿಡಿ. ಟ್ಯಾಂಕಿನಲ್ಲಿ ಎಷ್ಟಿದೆ ನೋಡಲು ಲೈಟರ್ ಹಚ್ಚಿದವರ ಕಥೆಗಳು ಜೋಕಿನಂತೆ ಹರಿದಾಡುತ್ತವೆ. ಅವು ಜೋಕುಗಳಲ್ಲ.

ಮೂಗನ್ನು ನಂಬಿ, ಆದರೆ ಮೊದಲ ಕೆಲವು ನಿಮಿಷ ಮಾತ್ರ. ಅಪಾಯದ ಮಟ್ಟಕ್ಕಿಂತ ಬಹಳ ಮೊದಲೇ ಮೂಗಿಗೆ ಪೆಟ್ರೋಲ್ ವಾಸನೆ ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ಮೂಗು ಅದಕ್ಕೆ ಒಗ್ಗಿಕೊಂಡು ವಾಸನೆ ಹೋಯಿತು ಎನಿಸುತ್ತದೆ. ಹೋಗಿರುವುದಿಲ್ಲ. ಹಳೆಯ ಗಾಡಿ ಅಂದಮೇಲೆ ಪೆಟ್ರೋಲ್ ವಾಸನೆ ಸಹಜ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಪೆಟ್ರೋಲ್‌ನಲ್ಲಿ ಕ್ಯಾನ್ಸರ್‌ಕಾರಕ ಎಂದು ಗುರುತಿಸಲಾದ ಬೆಂಜೀನ್ ಇದೆ. ನಮ್ಮ ದೇಶದಲ್ಲಿ ಅದರ ಮಿತಿ 1%, ಆದರೂ ಮುಚ್ಚಿದ ಕಾರಿನೊಳಗೆ ದಿನವೂ ಉಸಿರಾಡುವಂಥದ್ದಲ್ಲ.

ಟ್ಯಾಂಕ್ ಖಾಲಿ ಮಾಡಲು ಪೈಪ್ ಇಟ್ಟು ಬಾಯಿಯಿಂದ ಎಳೆಯುವುದನ್ನು ಬಿಡಿ. ಕೆಲವು ನೂರು ರೂಪಾಯಿಗೆ ಕೈಪಂಪ್ ಸಿಗುತ್ತದೆ. ಬಾಯಿಗೆ ಬಂದ ಪೆಟ್ರೋಲ್ ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋದರೆ ಅಪಾಯ ಹೆಚ್ಚು, ಕೆಲವೇ ಹನಿಯಿಂದಲೂ ಗಂಭೀರ ನ್ಯುಮೋನಿಯಾ ಆಗಬಹುದು. ಯಾರಾದರೂ ನುಂಗಿದ್ದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗಲೇ ಅದು ಶ್ವಾಸಕೋಶ ಸೇರುತ್ತದೆ. ನೇರ ಆಸ್ಪತ್ರೆಗೆ ಹೋಗಿ.

ಬೆಂಕಿಯೇ ಕಾಣಿಸಿಕೊಂಡರೆ ನೀರು ಎರಚಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಹರಡುತ್ತದೆ. ಕೀಲಿ ಆಫ್ ಮಾಡಿ, ಎಲ್ಲರನ್ನೂ ದೂರ ಕಳುಹಿಸಿ, 112ಕ್ಕೆ ಕರೆ ಮಾಡಿ. ಬಾನೆಟ್ ಅಡಿಯಿಂದ ಹೊಗೆ ಬರುತ್ತಿದ್ದರೆ ಅದನ್ನು ಪೂರ್ತಿ ಎತ್ತಬೇಡಿ, ಒಳಗೆ ನುಗ್ಗುವ ಗಾಳಿ ಬೆಂಕಿಯನ್ನು ಹೆಚ್ಚಿಸುತ್ತದೆ. ಬೆಂಕಿ ಇನ್ನೂ ಸಣ್ಣದಿದ್ದರೆ ಸಂದಿಯಿಂದ ಒಣ ಪುಡಿಯ ಎಬಿಸಿ ಸಿಲಿಂಡರ್ ಸಿಂಪಡಿಸಬಹುದು, ಇಲ್ಲದಿದ್ದರೆ ದೂರ ನಿಲ್ಲುವುದೇ ಸರಿ. ಎಂಜಿಬಿ ರಿಪೇರಿ ಮಾಡುವವರಲ್ಲಿ ಅನೇಕರು ಈ ಸಿಲಿಂಡರನ್ನು ಕಾರಿನಲ್ಲೇ, ಚಾಲಕನ ಕೈಗೆ ಎಟಕುವಲ್ಲಿ ಕಟ್ಟಿಕೊಳ್ಳುತ್ತಾರೆ. ಡಿಕ್ಕಿಯಲ್ಲಿ ಇಡುವುದಿಲ್ಲ, ಏಕೆಂದರೆ ಟ್ಯಾಂಕ್ ಇರುವುದು ಅದರ ಅಡಿಯಲ್ಲೇ.